ಹೆಬ್ಬೆಟ್ಟಿನ ಗುರುತೂ ರೈತರ ಎಚ್ಚರಿಕೆಯೂ

ಗಜೇಂದ್ರಗಡದ ಸಮೀಪದ ರಾಜೂರ ಮೊದಲಾದ ಗ್ರಾಮಗಳಲ್ಲಿ ಬಿತ್ತಿಗೆಯ ಕಾಲವು ಬಂದಿತೆಂದರೆ ಕಾಗದಪತ್ರಗಳ ಕಾಲವೂ ಬಂದಿತೆಂದೇ ತಿಳಿಯಬೇಕು. ಬೆಳೆವಿಮೆ, ಬೀಜದ ರಿಯಾಯಿತಿ, ಸಾಲ ಇವುಗಳಿಗಾಗಿ ರೈತನು ಆಧಾರ್, ಉತಾರ ಹಾಗೂ ಬ್ಯಾಂಕಿನ ಪಾಸುಪುಸ್ತಕದ ಪ್ರತಿಗಳನ್ನು ಹಲವರ ಕೈಗೆ ಕೊಡಬೇಕಾಗುತ್ತದೆ. ಇವು ಅಯೋಗ್ಯರ ಪಾಲಾದರೆ ಆಗುವ ಹಾನಿಯು ಅಲ್ಪವಲ್ಲ.

2023ರಲ್ಲಿ ಕರ್ನಾಟಕದಲ್ಲಿಯೇ ಇದರ ಅನುಭವವಾಯಿತು. ಆಸ್ತಿಯ ಪತ್ರಗಳನ್ನು ನೋಂದಾಯಿಸಿದ ಅನೇಕರ ಖಾತೆಗಳಿಂದ ಅವರಿಗೆ ಅರಿವಿಲ್ಲದೆ ಹಣವು ಹೋಯಿತು. ಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚನ್ನೂ ಆಧಾರ್ ಅಂಕೆಯನ್ನೂ ತೆಗೆದು, ಕೃತ್ರಿಮ ಬೆರಳಚ್ಚನ್ನು ಮಾಡಿ, ಆಧಾರ್ ಮೂಲಕ ಹಣ ಕೊಡುವ ಯಂತ್ರದಲ್ಲಿ ವಂಚಕರು ಉಪಯೋಗಿಸಿದರೆಂದು ಪೊಲೀಸರ ತನಿಖೆಯಲ್ಲಿ ತಿಳಿದುಬಂದಿತು. ಈ ಯಂತ್ರಕ್ಕೆ ಗುಪ್ತಸಂಖ್ಯೆಯು ಬೇಕಿಲ್ಲ. ಬೀಗದ ಕೈ ಕಳೆದರೆ ಬೇರೊಂದನ್ನು ಮಾಡಿಸಬಹುದು. ಬೆರಳನ್ನು ಬದಲಿಸಲಿಕ್ಕೆ ಬಾರದು.

ಇಂಥ ವಿಷಯದಲ್ಲಿ ಕಾನೂನಿನ ಆಶ್ರಯವೂ ಉಂಟು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ಮಂದಿ ನ್ಯಾಯಮೂರ್ತಿಗಳು 24-8-2017ರಂದು ಒಮ್ಮತದಿಂದ ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು. ಮುಂದೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಾಯಿತು. ಅದರ ನಿಯಮಗಳು ಹಂತಹಂತವಾಗಿ ಜಾರಿಗೆ ಬರುವಂತೆ 2025ರ ನವೆಂಬರಿನಲ್ಲಿ ಪ್ರಕಟವಾದವು. ಜನರ ವಿವರಗಳನ್ನು ಪಡೆದ ಸಂಸ್ಥೆಯು ಅವುಗಳ ಭದ್ರತೆಗೆ ತಕ್ಕ ಏರ್ಪಾಡು ಮಾಡದಿದ್ದರೆ 250 ಕೋಟಿ ರೂಪಾಯಿಗಳ ವರೆಗೆ ದಂಡವನ್ನು ಇದರಲ್ಲಿ ವಿಧಿಸಿದೆ. ಆದರೆ ಈ ದಂಡವು ಸರಕಾರದ ಬೊಕ್ಕಸಕ್ಕೆ ಸೇರತಕ್ಕದ್ದೇ ಹೊರತು ಹಣ ಕಳಕೊಂಡವನ ಕೈಗೆ ಬರತಕ್ಕದ್ದಲ್ಲ. ಆದುದರಿಂದ ಪ್ರತಿಯೊಬ್ಬ ರೈತನೂ ಮೊದಲೇ ಎಚ್ಚರದಿಂದಿರುವುದು ಅವಶ್ಯ.

ಅನುಸರಿಸತಕ್ಕ ಕ್ರಮಗಳು:

1. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಾಗಲಿ ಆ್ಯಪಿನಲ್ಲಾಗಲಿ ಬೆರಳಚ್ಚಿಗೆ ಬೀಗ ಹಾಕಿಸಬೇಕು. ಬೇಕಾದಾಗ ಅದನ್ನು ತೆರೆಯಬಹುದು.

2. ಪೂರ್ಣ ಅಂಕೆಯ ಅವಶ್ಯವಿಲ್ಲದ ಕಡೆ ಕೊನೆಯ 4 ಅಂಕೆಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಕೊಡಬೇಕು.

3. ಪ್ರತಿಯ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದೆಂಬುದನ್ನೂ ತಾರೀಖನ್ನೂ ಬರೆದು ರುಜು ಮಾಡಬೇಕು.

4. ಯಂತ್ರದ ಮೇಲೆ ಬೆರಳಿಡುವ ಮೊದಲು ಕಾರಣವನ್ನು ಕೇಳಬೇಕು. ಹಣ ಪಡೆದಿದ್ದರೆ ಪಾವತಿಯನ್ನು ತೆಗೆದುಕೊಳ್ಳಬೇಕು.

5. ಖಾತೆಯಿಂದ ಹಣ ಹೋದದ್ದು ತಿಳಿದ ಕೂಡಲೆ 1930 ಸಂಖ್ಯೆಗೆ ಫೋನು ಮಾಡಿ, ಬ್ಯಾಂಕಿಗೂ ಬರಹದಿಂದ ತಿಳಿಸಬೇಕು. ತಡವಾದಷ್ಟೂ ಹಣವು ಸಿಕ್ಕುವ ಸಂಭವವು ಕಡಿಮೆ.

ಓದುಬರಹ ಬಾರದ ರೈತರೇ ಹೆಬ್ಬೆಟ್ಟನ್ನು ಹೆಚ್ಚಾಗಿ ಒತ್ತುವವರು. ಮೋಸ ಹೋಗುವ ಭಯವೂ ಅವರಿಗೇ ಅಧಿಕ. ಗ್ರಾಮದ ಮುಖಂಡರೂ ಭೂಮಾಲಿಕರೂ ಬಿತ್ತಿಗೆಗೆ ಮುಂಚೆ ಅವರನ್ನು ಒಂದೆಡೆ ಕೂಡಿಸಿ ಈ ಕ್ರಮಗಳನ್ನು ಓದಿ ಹೇಳಿದರೆ ಊರಿಗೆ ದೊಡ್ಡ ಉಪಕಾರವಾದೀತು.