ಬ್ಯಾನರಿನಲ್ಲಿ ಕಾಣದ ಮಕ್ಕಳು

ಎಸ್ಸೆಸ್ಸಿ ಫಲಿತಾಂಶ ಬಂತೆಂದರೆ ಮುಂಬೈಯ ಶಾಲೆಗಳ ಗೇಟಿಗೆ ‘ಶೇ 100’ ಬ್ಯಾನರ್ ಏರುತ್ತದೆ. ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಒಂದೇ ವಿಚಾರಣೆ: ಎಷ್ಟು ಪರ್ಸೆಂಟ್? ದಿನವಿಡೀ ಡೇಟಾ ಜೊತೆ ಗುದ್ದಾಡುವ ನನಗೆ ಮೊದಲು ಬೇಕಾದದ್ದು, ಪರೀಕ್ಷೆಗೆ ಕೂತವರೆಷ್ಟು ಎಂಬ ಲೆಕ್ಕ. ಹನ್ನೆರಡೇ ಮಕ್ಕಳಿರುವ ತರಗತಿಯಲ್ಲಿ ಒಬ್ಬ ಫೇಲಾದರೂ ಫಲಿತಾಂಶ ಶೇ 92ಕ್ಕೆ ಇಳಿಯುತ್ತದೆ. ಇಲ್ಲಿನ ಕನ್ನಡ ಮಾಧ್ಯಮದ ತರಗತಿಗಳು ಈಗ ಚಿಕ್ಕವೇ. ಒಂದು ಮಗುವಿನ ಜ್ವರ ಇಡೀ ಶಾಲೆಯ ಹೆಸರು ಕೆಡಿಸಬಲ್ಲದು.

ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳನ್ನೇ ನೋಡಿ. ಸೈಟ್ ಮುಗಿದರೆ ಅಪ್ಪ-ಅಮ್ಮ ಗಂಟುಮೂಟೆ ಕಟ್ಟುತ್ತಾರೆ, ಮಗುವಿನ ಓದು ನಡುವೆಯೇ ಕಡಿಯುತ್ತದೆ. ಪರೀಕ್ಷೆಗೇ ಕೂರದ ಆ ಮಗು ಫೇಲಾದವರ ಲೆಕ್ಕದಲ್ಲೂ ಇಲ್ಲ.

ಮೊಗವೀರರು 1908ರಲ್ಲಿ ಇಲ್ಲಿ ಉಚಿತ ರಾತ್ರಿಶಾಲೆ ತೆರೆದದ್ದು ಹಗಲು ದುಡಿಯುವವರಿಗಾಗಿ. ಹೋಟೆಲಿನ ಪಾಳಿ ಮುಗಿಸಿ ತೂಕಡಿಸುತ್ತಾ ಪಾಸಾದವನ ಶೇ 45ನ್ನು, ಟ್ಯೂಷನ್ನಿನ ಶೇ 85ರ ಪಕ್ಕ ಇಟ್ಟು ತೂಗುವುದು ಯಾವ ನ್ಯಾಯ?

ಆದರೂ ಪಾಲಕರು ಶಾಲೆ ಆರಿಸುವುದು ಬ್ಯಾನರ್ ನೋಡಿ. ನಮ್ಮ ಸಂಘಗಳ ದೇಣಿಗೆಯೂ ಅದರ ಹಿಂದೆಯೇ. ಹೀಗಾದರೆ ಸಣ್ಣ ತರಗತಿ ಇನ್ನೂ ಸಣ್ಣದಾಗುತ್ತದೆ. ಈ ಬಾರಿ ಚೆಕ್ ಬರೆಯುವ ಮುನ್ನ ಮುಖ್ಯೋಪಾಧ್ಯಾಯರನ್ನು ಕೇಳಿ: ಒಂಬತ್ತನೆಗೆ ಸೇರಿದವರೆಷ್ಟು, ಹತ್ತನೆಯ ಪರೀಕ್ಷೆ ಬರೆದವರೆಷ್ಟು, ಟಿ.ಸಿ. ಒಯ್ದವರು ಎಲ್ಲಿ ಸೇರಿದರು?