ಪ್ಲೇಟ್‌ಲೆಟ್ ಹೆಚ್ಚಾದರೂ ಕಣ್ಣು ಮಂಜಾದೀತು



ಪ್ಲೇಟ್‌ಲೆಟ್ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಳಕೆಗೆ ಬಂದದ್ದು ಡೆಂಗಿ ಜ್ವರದಿಂದ. ‘ಎಷ್ಟಕ್ಕೆ ಇಳಿದಿದೆ?’ ಎಂದೇ ಎಲ್ಲರೂ ಕೇಳುತ್ತಾರೆ. ಅದು ಏರಿದರೂ ತೊಂದರೆಯಿದೆ ಎಂಬುದು ಬಹಳ ಜನರಿಗೆ ತಿಳಿಯದು.

ಗಾಯವಾದಾಗ ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣಗಳಿವು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 1.5 ಲಕ್ಷದಿಂದ 4.5 ಲಕ್ಷ ಇರುತ್ತವೆ. ಕೆಲವರ ಮೂಳೆಮಜ್ಜೆ ಅಗತ್ಯವಿಲ್ಲದಿದ್ದರೂ ಇವನ್ನು ತಯಾರಿಸುತ್ತಲೇ ಹೋಗುತ್ತದೆ. ಈ ಕಾಯಿಲೆಗೆ ಎಸೆನ್ಷಿಯಲ್ ಥ್ರಾಂಬೋಸೈಥೀಮಿಯಾ ಎಂದು ಹೆಸರು. ಅಪರೂಪದ ಕಾಯಿಲೆ, ಅಂಟುವಂಥದ್ದಲ್ಲ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಕಾಣುವ ಜಾಕ್-2 ಜೀನಿನ ಬದಲಾವಣೆ ಪತ್ತೆಯಾದದ್ದು 2005ರಲ್ಲಿ.

ಮಿದುಳು ಮತ್ತು ಕಣ್ಣಿನ ಕೂದಲೆಳೆಯಂಥ ರಕ್ತನಾಳಗಳಲ್ಲಿ ಈ ಕಣಗಳು ಗುಂಪುಗೂಡಿ ಸ್ವಲ್ಪ ಹೊತ್ತು ದಾರಿ ಕಟ್ಟುತ್ತವೆ. ಆಗ ತಲೆನೋವು, ತಲೆಸುತ್ತು ಬರಬಹುದು. ಕಣ್ಣ ಮುಂದೆ ಅಂಕುಡೊಂಕು ಗೆರೆ ಮಿನುಗಬಹುದು, ಒಂದು ಕಣ್ಣಿಗೆ ಪರದೆ ಇಳಿದಂತಾಗಬಹುದು. ಮಾತು ತೊದಲಬಹುದು, ಒಂದು ಕೈ ಜೋಮು ಹಿಡಿಯಬಹುದು. ಇನ್ನು ಕೆಲವರಿಗೆ ಅಂಗೈ ಅಂಗಾಲು ಕೆಂಪಾಗಿ ಉರಿಯುತ್ತವೆ, ತಣ್ಣೀರಿಗೆ ಇಟ್ಟರೆ ಹಾಯೆನಿಸುತ್ತದೆ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಗುತ್ತದೆ. ಪಿತ್ತ, ಬಿಸಿಲು, ಕನ್ನಡಕ ಹಳತಾಗಿದೆ ಎಂದುಕೊಂಡು ನೀವು ಕ್ಯಾನು ಎತ್ತಿಕೊಂಡು ಡೇರಿಗೆ ಹೊರಡುತ್ತೀರಿ. ಅಪಾಯವಿರುವುದು ಇಲ್ಲಿಯೇ. ಮುಂದಿನ ಸಲ ಕಟ್ಟಿದ ದಾರಿ ಬಿಡದಿದ್ದರೆ ಅದೇ ಪಾರ್ಶ್ವವಾಯು.

ಕ್ಯಾನಿನಲ್ಲಿ ನೋಡಿದರೆ ಎಲ್ಲ ಹಾಲೂ ಒಂದೇ, ಫ್ಯಾಟು ತಿಳಿಯುವುದು ಟೆಸ್ಟಿಗೆ ಹಾಕಿದಾಗ. ರಕ್ತವೂ ಹಾಗೆಯೇ. ಸಿಬಿಸಿ ಎಂಬ ಸಾಮಾನ್ಯ ರಕ್ತಪರೀಕ್ಷೆಯಲ್ಲೇ ಪ್ಲೇಟ್‌ಲೆಟ್ ಎಣಿಕೆ ಸಿಗುತ್ತದೆ. ಎಣಿಕೆ ಹೆಚ್ಚಿದೆಯೆಂದು ಒಮ್ಮೆಲೇ ಗಾಬರಿ ಬೇಡ. ಕಬ್ಬಿಣಾಂಶದ ಕೊರತೆ, ಸೋಂಕು, ಶಸ್ತ್ರಚಿಕಿತ್ಸೆಯ ನಂತರವೂ ಅದು ಏರುತ್ತದೆ. ಮೂಲ ಕಾರಣ ಸರಿಹೋದರೆ ಇಳಿಯುತ್ತದೆ. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಹೆಚ್ಚಾದ್ದರಿಂದ ಮೊದಲು ಅದನ್ನೇ ನೋಡಿಸಿ.

ಕಾಯಿಲೆ ಖಚಿತವಾದರೆ ಕಡಿಮೆ ಪ್ರಮಾಣದ ಆಸ್ಪಿರಿನ್‌ನಿಂದಲೇ ಅನೇಕರ ತಲೆನೋವು, ಉರಿ ಕಡಿಮೆಯಾಗುತ್ತದೆ. ಅಪಾಯ ಹೆಚ್ಚಿರುವವರಿಗೆ ಕಣಗಳನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಕೊಡುತ್ತಾರೆ. ಆದರೆ ಔಷಧಿ ಅಂಗಡಿಯಿಂದ ನೀವೇ ಆಸ್ಪಿರಿನ್ ತಂದು ನುಂಗಬೇಡಿ. ವಿಚಿತ್ರವೆಂದರೆ, ಎಣಿಕೆ 10 ಲಕ್ಷ ದಾಟಿದವರಲ್ಲಿ ಕೆಲವರಿಗೆ ಹೆಪ್ಪುಗಟ್ಟುವ ಬದಲು ರಕ್ತಸ್ರಾವವೇ ಆಗುತ್ತದೆ. ಅಂಥವರಿಗೆ ಆ ಮಾತ್ರೆಯೇ ಕುತ್ತು.

ಬಾಯಿ ಸೊಟ್ಟಗಾಗುವುದು, ಕೈ ಬಲ ಕುಂದುವುದು, ಮಾತು ತೊದಲುವುದು, ದಿಢೀರನೆ ಕಣ್ಣು ಕಾಣದಾಗುವುದು: ಯಾವುದೇ ಕಂಡರೂ ಗಡಿಯಾರ ನೋಡಿಕೊಂಡು 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ತಾನಾಗಿ ಸರಿಹೋದರೂ ಅದೇ ದಿನ ಆಸ್ಪತ್ರೆಗೆ ತೋರಿಸಿ. ಸಂಜೆಯ ಹಾಲನ್ನು ಪಕ್ಕದ ಮನೆಯವರು ಕರೆದುಕೊಡುತ್ತಾರೆ.