ವೋಲ್ಟೇಜ್ ಏರಿಸಿದರೆ ಚಿಪ್ ಓಡುತ್ತದೆಯೇ?

ಇಂಟೆಲ್ 2007ರ ಜನವರಿಯಲ್ಲಿ ಬಿಡುಗಡೆ ಮಾಡಿದ ಕೋರ್ 2 ಕ್ವಾಡ್ ಕ್ಯೂ6600 ಪ್ರೊಸೆಸರಿನ ಅಧಿಕೃತ ವೇಗ 2.4 ಗಿಗಾಹರ್ಟ್ಸ್. ಅದನ್ನು 3 ಗಿಗಾಹರ್ಟ್ಸ್ ದಾಟಿಸಿದವರಿಗೆ ಲೆಕ್ಕವಿಲ್ಲ. ಹಳೆಯ ಕಂಪ್ಯೂಟರಿನಿಂದ ಇನ್ನೊಂದಿಷ್ಟು ಕೆಲಸ ತೆಗೆಯುವ ಆಸೆ ಇರುವವರು ಇವತ್ತಿಗೂ ಇಂಥ ಚಿಪ್ಪಿಗೆ ಕೈ ಹಾಕುತ್ತಾರೆ. ಅವರೆಲ್ಲ ಕೇಳುವುದು ಒಂದೇ: ಎಷ್ಟು ವೋಲ್ಟಿನವರೆಗೆ ಅಪಾಯವಿಲ್ಲ? ಯಾರೋ ಒಂದು ಅಂಕಿ ಹೇಳುತ್ತಾರೆ. ಆ ಅಂಕಿಗಿಂತ ಅದರ ಸುತ್ತ ಬೆಳೆದ ನಂಬಿಕೆಗಳೇ ಹೆಚ್ಚು ಚಿಪ್‌ಗಳನ್ನು ಕೊಂದಿವೆ ಎಂಬುದು ನನ್ನ ಗುಮಾನಿ.

“ವೋಲ್ಟೇಜ್ ಜಾಸ್ತಿಯಾದರೆ ವೇಗ ಜಾಸ್ತಿ”

ವೇಗವನ್ನು ನಿರ್ಧರಿಸುವುದು ಕ್ಲಾಕ್. ಕ್ಯೂ6600ರಲ್ಲಿ ಬಸ್ಸಿನ (ಚಿಪ್ಪನ್ನು ಬೋರ್ಡಿನ ಉಳಿದ ಭಾಗಕ್ಕೆ ಜೋಡಿಸುವ ದಾರಿಯ) 266 ಮೆಗಾಹರ್ಟ್ಸನ್ನು 9ರಿಂದ ಗುಣಿಸಿದರೆ 2.4 ಗಿಗಾಹರ್ಟ್ಸ್ ಬರುತ್ತದೆ. ಆ 9ನ್ನು ಮೇಲೇರಿಸಲು ಇಂಟೆಲ್ ಬಿಟ್ಟಿಲ್ಲ, ಹಾಗಾಗಿ ಬಸ್ಸನ್ನೇ ಏರಿಸಬೇಕು. 333ಕ್ಕೆ ಏರಿಸಿದರೆ 3 ಗಿಗಾಹರ್ಟ್ಸ್. ವೋಲ್ಟೇಜಿನ ಕೆಲಸ ಬೇರೆ. ಟ್ರಾನ್ಸಿಸ್ಟರುಗಳು ಬೇಗ ಬೇಗ ಸ್ಥಿತಿ ಬದಲಿಸಿ, ಮುಂದಿನ ಕ್ಲಾಕ್ ಬಡಿತ ಬರುವುದರೊಳಗೆ ಲೆಕ್ಕ ಮುಗಿಸುವಂತೆ ಅದು ನೋಡಿಕೊಳ್ಳುತ್ತದೆ, ಅಷ್ಟೆ. ಕ್ಲಾಕ್ ಮುಟ್ಟದೆ ವೋಲ್ಟೇಜ್ ಮಾತ್ರ ಏರಿಸಿದರೆ ಕೋಣೆ ಬಿಸಿಯಾಗುತ್ತದೆ, ಕಂಪ್ಯೂಟರ್ ಇದ್ದಲ್ಲೇ ಇರುತ್ತದೆ.

ಆದ್ದರಿಂದ ಮೊದಲು ವೋಲ್ಟೇಜನ್ನು ಇದ್ದಂತೆಯೇ ಬಿಟ್ಟು ಬಸ್ಸನ್ನು ಮೆಲ್ಲಗೆ ಏರಿಸುತ್ತ ಹೋಗುವುದು ಸರಿಯಾದ ಕ್ರಮ. ಈ ಚಿಪ್ಪಿನ ಜಿ0 ಆವೃತ್ತಿಯ ಎಷ್ಟೋ ಪ್ರತಿಗಳು ಕಾರ್ಖಾನೆಯ ವೋಲ್ಟೇಜಿನಲ್ಲೇ 3 ಗಿಗಾಹರ್ಟ್ಸ್ ಮುಟ್ಟುತ್ತಿದ್ದವು. ಅಲ್ಲಿಂದ ಮುಂದೆ ಬೆಲೆ ಏರುತ್ತದೆ. ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ಕ್ಲಾಕಿನ ಪ್ರಮಾಣದಲ್ಲಿ ಹೆಚ್ಚುತ್ತದೆ, ವೋಲ್ಟೇಜಿನ ವಿಷಯದಲ್ಲಾದರೆ ಅದರ ವರ್ಗದ ಪ್ರಮಾಣದಲ್ಲಿ. 1.25 ವೋಲ್ಟಿನಲ್ಲಿ 2.4 ಗಿಗಾಹರ್ಟ್ಸ್ ಓಡುತ್ತಿದ್ದ ಚಿಪ್ಪನ್ನು 1.40 ವೋಲ್ಟಿನಲ್ಲಿ 3.2ಕ್ಕೆ ಓಡಿಸಿದರೆ ವೇಗ ಶೇ. 33 ಹೆಚ್ಚುತ್ತದೆ, ಆ ವಿದ್ಯುತ್ತು ಸುಮಾರು ಶೇ. 67. ಟ್ರಾನ್ಸಿಸ್ಟರುಗಳು ಸುಮ್ಮನಿದ್ದಾಗಲೂ ಸೋರಿಹೋಗುವ ವಿದ್ಯುತ್ತಿನ ಲೆಕ್ಕ ಇದರ ಮೇಲೆ. ಇನ್ನು ನೂರು ಮೆಗಾಹರ್ಟ್ಸಿಗಾಗಿ ವೋಲ್ಟೇಜನ್ನು ಎರಡು ಮೂರು ಮೆಟ್ಟಿಲು ಏರಿಸಬೇಕಾಗಿ ಬಂತೆಂದರೆ ಅಲ್ಲಿಗೆ ಬಿಡುವುದು ಜಾಣತನ.

“ಬಿಸಿಯಾಗದಿದ್ದರೆ ಎಷ್ಟು ಕೊಟ್ಟರೂ ನಡೆಯುತ್ತದೆ”

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ ಇದು. ದೊಡ್ಡ ಹೀಟ್‌ಸಿಂಕ್, ಒಳ್ಳೆಯ ಥರ್ಮಲ್ ಪೇಸ್ಟ್, ಪರದೆಯ ಮೇಲೆ 60 ಡಿಗ್ರಿ: ಇನ್ನೇನು ಭಯ? ಮಿತಿ ಮೀರಿ ಬಿಸಿಯಾದರೆ ಚಿಪ್ ತಾನೇ ನಿಧಾನವಾಗುತ್ತದೆ, ಇಲ್ಲವೇ ಆಫ್ ಆಗುತ್ತದೆ ಎಂಬ ಧೈರ್ಯ ಬೇರೆ.

ಆ ರಕ್ಷಣೆ ಬಿಸಿಗೆ ಮಾತ್ರ. ವೋಲ್ಟೇಜ್ ತಾನಾಗಿಯೇ ಎರಡು ರೀತಿಯಲ್ಲಿ ಹಾನಿ ಮಾಡುತ್ತದೆ. ಕ್ಯೂ6600 ತಯಾರಾದ 65 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ಟ್ರಾನ್ಸಿಸ್ಟರಿನ ಗೇಟಿನಡಿ ಇರುವ ಆಕ್ಸೈಡ್ ಪದರದ ದಪ್ಪ ಸುಮಾರು 1.2 ನ್ಯಾನೋಮೀಟರ್, ಎಂದರೆ ಕೆಲವೇ ಪರಮಾಣುಗಳಷ್ಟು. ವೋಲ್ಟೇಜ್ ಏರಿದಷ್ಟೂ ಆ ತೆಳು ಪದರದ ಮೇಲಿನ ವಿದ್ಯುತ್ ಒತ್ತಡ ಏರಿ, ಅದರೊಳಗೆ ದೋಷಗಳು ಕೂಡುತ್ತ ಹೋಗುತ್ತವೆ. ಇನ್ನೊಂದು, ಇಲೆಕ್ಟ್ರೋಮೈಗ್ರೇಷನ್. ಹೆಚ್ಚು ಕರೆಂಟು ಹರಿದಾಗ ಎಲೆಕ್ಟ್ರಾನುಗಳು ಸೂಕ್ಷ್ಮ ತಾಮ್ರದ ತಂತಿಯ ಪರಮಾಣುಗಳನ್ನು, ಹೊಳೆಯ ನೀರು ದಡ ಕೊರೆದಂತೆ, ಒಂದೊಂದಾಗಿ ಸರಿಸುತ್ತವೆ. ಬಿಸಿ ಈ ಎರಡನ್ನೂ ಚುರುಕುಗೊಳಿಸುತ್ತದೆ ನಿಜ. ತಂಪಾಗಿಟ್ಟ ಮಾತ್ರಕ್ಕೆ ಅವು ನಿಲ್ಲುವುದಿಲ್ಲ.

2002ರ ಸುಮಾರಿಗೆ ಪೆಂಟಿಯಂ 4ರ ನಾರ್ತ್‌ವುಡ್ ಚಿಪ್‌ಗಳನ್ನು ಓವರ್‌ಕ್ಲಾಕ್ ಮಾಡುತ್ತಿದ್ದವರು, ಎಂದರೆ ಅಧಿಕೃತ ವೇಗ ಮೀರಿ ಓಡಿಸುತ್ತಿದ್ದವರು, ಇದನ್ನು ದುಡ್ಡು ಕಳೆದುಕೊಂಡು ಕಲಿತರು. 1.5 ವೋಲ್ಟಿಗೆಂದು ಮಾಡಿದ ಚಿಪ್ಪಿಗೆ 1.7ಕ್ಕಿಂತ ಹೆಚ್ಚು ಕೊಟ್ಟು, ತಂಪಾಗಿಯೂ ಇಟ್ಟುಕೊಂಡು, ಕೆಲವು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಒಂದು ದಿನ ಕಂಪ್ಯೂಟರ್ ಏಳುತ್ತಲೇ ಇರಲಿಲ್ಲ. ‘ಸಡನ್ ನಾರ್ತ್‌ವುಡ್ ಡೆತ್ ಸಿಂಡ್ರೋಮ್’ ಎಂದು ಅದಕ್ಕೊಂದು ಹೆಸರೂ ಬಿತ್ತು.

ಹೆಚ್ಚಿನ ಚಿಪ್‌ಗಳು ಹೀಗೆ ಥಟ್ಟನೆ ಸಾಯುವುದಿಲ್ಲ, ಸವೆಯುತ್ತವೆ. ಹೋದ ವರ್ಷ 1.35 ವೋಲ್ಟಿನಲ್ಲಿ ನೆಟ್ಟಗಿದ್ದ ಅದೇ ವೇಗಕ್ಕೆ ಈ ವರ್ಷ 1.3625 ಬೇಕೆನ್ನುತ್ತದೆ. ಆಗ ಇನ್ನೊಂದು ಮೆಟ್ಟಿಲು ಏರಿಸುವುದು ಎಲ್ಲರೂ ಮಾಡುವ ಕೆಲಸ, ಸವೆತಕ್ಕೆ ಕುಮ್ಮಕ್ಕು ಕೊಡುವುದೂ ಅದೇ. ಹಾಗಾದಾಗ ಇಳಿಸಬೇಕಾದದ್ದು ಕ್ಲಾಕನ್ನು. ಇದು ಓವರ್‌ಕ್ಲಾಕ್ ಹುಚ್ಚಿನವರ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ: ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳು ಯಾರೂ ಮುಟ್ಟದಿದ್ದರೂ ಹೀಗೆ ಸವೆದು ಕ್ರ್ಯಾಶ್ ಆಗತೊಡಗಿದವು. 2024ರ ಆಗಸ್ಟಿನಲ್ಲಿ ಕಂಪನಿ ಹೊಸ ಮೈಕ್ರೋಕೋಡ್ ಕೊಟ್ಟು, ಚಿಪ್ 1.55 ವೋಲ್ಟ್ ಮೀರಿ ಕೇಳದಂತೆ ಕಡಿವಾಣ ಹಾಕಿತು. ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಅಷ್ಟರಲ್ಲಿ ಸವೆದಿದ್ದ ಚಿಪ್‌ಗಳನ್ನು ಆ ಮೈಕ್ರೋಕೋಡ್ ಸರಿಮಾಡಲಿಲ್ಲ.

“1.5 ವೋಲ್ಟಿನವರೆಗೆ ಕಂಪನಿಯೇ ಒಪ್ಪಿದೆ”

ಕ್ಯೂ6600ರ ದಾಖಲೆಯಲ್ಲಿ ವಿಐಡಿ ವ್ಯಾಪ್ತಿ 0.85ರಿಂದ 1.5 ವೋಲ್ಟ್ ಎಂದಿರುವುದು ನಿಜ. ಅದು ಕಾರ್ಖಾನೆಯಲ್ಲಿ ಒಂದೊಂದು ಚಿಪ್ಪಿಗೂ ಅದರದೇ ವೋಲ್ಟೇಜ್ ಬರೆಯುವಾಗ ಇರುವ ವ್ಯಾಪ್ತಿ. ನಿಮ್ಮ ಚಿಪ್ಪಿಗೆ 1.2625 ಎಂದು ಬರೆದಿದ್ದರೆ ನಿಮ್ಮ ಲೆಕ್ಕ ಅಲ್ಲಿಂದ ಶುರುವಾಗಬೇಕು. ಇನ್ನು 65 ನ್ಯಾನೋಮೀಟರಿನ ಅಂಕಿಯನ್ನು 2008ರಲ್ಲಿ ಬಂದ 45 ನ್ಯಾನೋಮೀಟರಿನ ಇ8400ಕ್ಕೆ ಹಚ್ಚುವುದಂತೂ ಶುದ್ಧ ಹುಂಬತನ. ಅದೇ ಸಾಕೆಟ್ಟಿನಲ್ಲಿ ಕೂರುವ ಆ ಚಿಪ್ಪಿನ ವಿಐಡಿ ವ್ಯಾಪ್ತಿ 1.3625ಕ್ಕೇ ಮುಗಿಯುತ್ತದೆ.

“ಬಯೋಸಿನಲ್ಲಿ ಕೊಟ್ಟದ್ದೇ ಚಿಪ್ಪಿಗೆ ಸಿಗುತ್ತದೆ”

ಸಿಗುವುದಿಲ್ಲ. ಕೆಲಸದ ಹೊರೆ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಸಿಯುವಂತೆ ಮದರ್‌ಬೋರ್ಡನ್ನು ಬೇಕೆಂದೇ ವಿನ್ಯಾಸ ಮಾಡಿರುತ್ತಾರೆ. ಹೊರೆ ಥಟ್ಟನೆ ಇಳಿದ ಕ್ಷಣ ವೋಲ್ಟೇಜ್ ಮೇಲಕ್ಕೆ ನೆಗೆಯುತ್ತದೆ. ಆ ನೆಗೆತಕ್ಕೆ ಜಾಗ ಉಳಿಯಲಿ ಎಂದು ಈ ಏರ್ಪಾಡು. ಕುಸಿತ ಕಂಡು ಸಿಟ್ಟಾದವರು ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂಬ ಆಯ್ಕೆಯನ್ನು ಕೊನೆಯ ಮಟ್ಟಕ್ಕೆ ಇಡುತ್ತಾರೆ. ವೋಲ್ಟೇಜ್ ತೋರಿಸುವ ಸಿಪಿಯು-ಝಡ್‌ನಲ್ಲಿ ಅಂಕಿ ಅಲುಗದೆ ನಿಲ್ಲುತ್ತದೆ, ನೋಡಲು ಚೆಂದ. ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಬಂದು ಹೋಗುವ ನೆಗೆತ ಮಾತ್ರ ನೀವು ಕೊಟ್ಟ ಅಂಕಿಯನ್ನೂ ದಾಟಬಹುದು, ಆ ಸಾಫ್ಟ್‌ವೇರಿಗೆ ಅದು ಕಾಣುವುದೂ ಇಲ್ಲ. ‘ಆಟೋ’ ಎಂದು ಬಿಡುವುದು ಇದಕ್ಕೆ ಪರಿಹಾರವಲ್ಲ. ಬಸ್ ಏರಿಸಿದೊಡನೆ ಹೇಳದೆ ಕೇಳದೆ ವೋಲ್ಟೇಜ್ ಏರಿಸುವ ಬೋರ್ಡುಗಳು ಬೇಕಾದಷ್ಟಿವೆ.

“ವಿಂಡೋಸ್ ಬಂತು, ಗೆದ್ದೆವು”

ಡೆಸ್ಕ್‌ಟಾಪ್ ಕಾಣಿಸಿಕೊಳ್ಳುವುದು ಯಾವ ಪರೀಕ್ಷೆಯೂ ಅಲ್ಲ. ಪ್ರೈಮ್95ನಂಥ ಪ್ರೋಗ್ರಾಂ ಗಂಟೆಗಟ್ಟಲೆ ತಪ್ಪಿಲ್ಲದೆ ಓಡಬೇಕು. ಬಸ್ ಏರಿಸಿದರೆ ಮೆಮೊರಿಯೂ ಅದರ ಜೊತೆ ಏರುವುದರಿಂದ ಮೊದಲೇ ಅದರ ಅನುಪಾತ ಇಳಿಸಿಟ್ಟು, ಮೆಮ್‌ಟೆಸ್ಟ್86+ ಓಡಿಸಿಕೊಳ್ಳಬೇಕು. ಇಲ್ಲದಿದ್ದರೆ ರ‍್ಯಾಮಿನ ತಪ್ಪಿಗೆ ಪ್ರೊಸೆಸರಿನ ವೋಲ್ಟೇಜ್ ಏರುತ್ತದೆ. ಅರೆಬರೆ ಸ್ಥಿರವಾದ ಕಂಪ್ಯೂಟರ್ ಹ್ಯಾಂಗ್ ಆಗದೆಯೂ ಫೈಲುಗಳನ್ನು ಸದ್ದಿಲ್ಲದೆ ಕೆಡಿಸಬಲ್ಲದು. ಡಿಸೆಂಬರಿನಲ್ಲಿ ಪಾಸಾದದ್ದು ಮೇ ತಿಂಗಳಲ್ಲಿ ಪಾಸಾಗಬೇಕೆಂದೂ ಇಲ್ಲ. ಗಾಳಿಯಲ್ಲಿ ತಣಿಯುವ ಹೀಟ್‌ಸಿಂಕ್ ಕೋಣೆಗಿಂತ ತಂಪಾಗಲಾರದು, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ.

“ಚಿಪ್ ಗಟ್ಟಿಯಿದ್ದರೆ ಸಾಕು”

ಹಳೆಯ ಕಂಪ್ಯೂಟರಿನಲ್ಲಿ ಮೊದಲು ಕೈಕೊಡುವುದು ಅನೇಕ ಸಲ ಚಿಪ್ ಅಲ್ಲವೇ ಅಲ್ಲ. ಸಾಕೆಟ್ಟಿನ ಪಕ್ಕದ ವೋಲ್ಟೇಜ್ ರೆಗ್ಯುಲೇಟರ್, ಅದರ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಮತ್ತು ಎಸ್‌ಎಂಪಿಎಸ್ ವಯಸ್ಸಿನ ಜೊತೆ ಸೊರಗಿರುತ್ತವೆ. ಮೇಲೆ ಹೇಳಿದ ಹೆಚ್ಚುವರಿ ವಿದ್ಯುತ್ತೆಲ್ಲ ಇವುಗಳ ಮೂಲಕವೇ ಹೋಗಬೇಕು. ಕ್ಯಾಬಿನೆಟ್ ಬಿಚ್ಚಿ ನೋಡಿ: ಕೆಪಾಸಿಟರಿನ ನೆತ್ತಿ ಉಬ್ಬಿದ್ದರೆ, ಕಂದು ದ್ರವ ಒಸರಿ ಒಣಗಿದ್ದರೆ, ಆ ಬೋರ್ಡಿನಲ್ಲಿ ವೋಲ್ಟೇಜಿನ ಮಾತೇ ಬೇಡ. ಆಫೀಸುಗಳಿಂದ ಬರುವ ಬ್ರ್ಯಾಂಡೆಡ್ ಕಂಪ್ಯೂಟರುಗಳ ಬಯೋಸಿನಲ್ಲಿ ಸಾಮಾನ್ಯವಾಗಿ ಈ ಆಯ್ಕೆಗಳೇ ಇರುವುದಿಲ್ಲ. ಅಂಥವುಗಳಲ್ಲೂ ಹಾರ್ಡ್ ಡಿಸ್ಕ್ ತೆಗೆದು ಅಲ್ಲೊಂದು ಎಸ್‌ಎಸ್‌ಡಿ ಹಾಕಿದರೆ, ದಿನನಿತ್ಯದ ಕೆಲಸದಲ್ಲಿ 3.2 ಗಿಗಾಹರ್ಟ್ಸಿಗಿಂತ ಹೆಚ್ಚಿನ ವ್ಯತ್ಯಾಸ ಕಾಣುತ್ತದೆ, ವೋಲ್ಟೇಜನ್ನು ಒಂದು ಮೆಟ್ಟಿಲೂ ಏರಿಸದೆ.